ಕಲಾ ಪದವಿಯಿಂದ ಅಮೆರಿಕದ ಮೆಡಿಕಲ್ ಕಾಲೇಜಿಗೆ: ಸಂಶೋಧನೆ ಎಷ್ಟು ಬೇಕು?

ಇತಿಹಾಸ, ಸಾಹಿತ್ಯ, ಸಂಗೀತ ಓದಿದವರೂ ಅಮೆರಿಕದಲ್ಲಿ ವೈದ್ಯರಾಗಬಹುದು. ಅಲ್ಲಿ ಎಂ.ಡಿ. ಎಂದರೆ ಪದವಿಯ ಮೇಲೆ ನಾಲ್ಕು ವರ್ಷದ ಓದು. ಪದವಿಯ ವಿಷಯ ಯಾವುದಾದರೂ ನಡೆಯುತ್ತದೆ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಮೆಡಿಕಲ್ ಕಾಲೇಜು 1987ರಲ್ಲೇ ಮಾನವಿಕ ವಿಷಯದವರಿಗೆಂದು ಬೇರೆಯದೇ ಪ್ರವೇಶದ ದಾರಿ ತೆರೆದಿತ್ತು. ಆದರೂ ಅರ್ಜಿ ತುಂಬಲು ಕೂತಾಗ, ಲ್ಯಾಬಿಗೆ ಕಾಲಿಟ್ಟೇ ಇಲ್ಲವಲ್ಲ ಎಂಬ ಅಳುಕು ಬಹಳ ಮಂದಿಯನ್ನು ಕಾಡುತ್ತದೆ.

ಹೆಚ್ಚಿನ ಕಾಲೇಜುಗಳಲ್ಲಿ ಸಂಶೋಧನೆ ಕಡ್ಡಾಯವಲ್ಲ. ಕಲಾ ಪದವೀಧರರು ಮೊದಲು ಭದ್ರ ಮಾಡಿಕೊಳ್ಳಬೇಕಾದದ್ದು ಬೇರೆ: ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನದ ತರಗತಿಗಳಲ್ಲಿ ಒಳ್ಳೆಯ ಅಂಕ, 472ರಿಂದ 528ರವರೆಗಿನ ಅಂಕಗಳ ಅಳತೆಯ ಎಂಕ್ಯಾಟ್ (MCAT) ಎಂಬ ಪ್ರವೇಶ ಪರೀಕ್ಷೆ, ರೋಗಿಗಳ ಜೊತೆಗಿನ ಒಡನಾಟ. ಇವುಗಳ ಸಮಯ ಕಿತ್ತು ಲ್ಯಾಬಿಗೆ ಕೊಡುವುದು ನಷ್ಟದ ಬಾಬತ್ತು.

ಗುರಿಯಿಟ್ಟ ಕಾಲೇಜು ಸಂಶೋಧನೆಗೆ ಒತ್ತು ಕೊಡುವಂಥದ್ದಾದರೆ ಲೆಕ್ಕ ಬದಲಾಗುತ್ತದೆ. ಯೇಲ್‌ನಲ್ಲಿ ಎಂ.ಡಿ. ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕೆಂಬ ನಿಯಮ 1839ರಿಂದ ಇದೆ. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲರ್ನರ್ ಕಾಲೇಜಿನ ಓದು ಸಂಶೋಧನೆ ಸೇರಿ ಐದು ವರ್ಷ. ಇಂಥ ಕಡೆ ಅನುಭವವಿಲ್ಲದ ಅರ್ಜಿ ಸೊರಗುತ್ತದೆ. ಎರಡೂ ಪದವಿ ಒಟ್ಟಿಗೆ ಕೊಡುವ ಎಂ.ಡಿ.-ಪಿಎಚ್.ಡಿ. ಬಯಸುವವರಿಗಂತೂ ದೀರ್ಘಕಾಲದ ಸಂಶೋಧನೆ ಬೇಕೇ ಬೇಕು.

ಹೊಸದನ್ನು ಹುಡುಕುವ ಮೊದಲು ಕೈಯಲ್ಲಿರುವುದನ್ನು ನೋಡಿ. ಪದವಿಯಲ್ಲಿ ಪತ್ರಾಗಾರದಲ್ಲಿ ಕೂತು ಬರೆದ ಪ್ರಬಂಧವೂ ಸಂಶೋಧನೆಯೇ. ಅಮೆರಿಕದ ಹೆಚ್ಚಿನ ಎಂ.ಡಿ. ಕಾಲೇಜುಗಳಿಗೆ ಒಟ್ಟಿಗೆ ತುಂಬುವ ಆಮ್ಕಾಸ್ (AMCAS) ಅರ್ಜಿಯಲ್ಲಿ ಒಟ್ಟು 15 ಚಟುವಟಿಕೆಗಳಿಗೆ ಜಾಗ, ಪ್ರತಿಯೊಂದಕ್ಕೆ 700 ಅಕ್ಷರ; ಅತಿ ಮುಖ್ಯವೆಂದು ಗುರುತಿಸುವ ಮೂರಕ್ಕೆ ಇನ್ನೂ 1,325. ಪ್ರಬಂಧವನ್ನು ಸಂಶೋಧನೆಯ ವಿಭಾಗದಲ್ಲೇ ಹಾಕಿ. ಪ್ರಶ್ನೆ ಏನಿತ್ತು, ಯಾವ ಆಕರ ನೋಡಿದಿರಿ, ನಿಮ್ಮ ಕೈಯಾರೆ ಮಾಡಿದ್ದೇನು, ಏನು ಕಂಡಿತು ಎಂಬ ನಾಲ್ಕೂ ಅದರಲ್ಲಿ ಬರಲಿ. ವಿಷಯದ ಹಿರಿಮೆ ಹೊಗಳಲು ಅಕ್ಷರ ಖರ್ಚು ಮಾಡಬೇಡಿ.

ಹೊಸ ಕೆಲಸ ಬೇಕೆಂದರೆ ಅರ್ಜಿಗೆ ಒಂದು ವರ್ಷ ಮೊದಲೇ ಶುರು ಮಾಡಿ. ಪರೀಕ್ಷಾನಳಿಕೆಯೇ ಆಗಬೇಕೆಂದಿಲ್ಲ. ರೋಗಿಗಳ ಸಂದರ್ಶನ, ವೈದ್ಯಕೀಯದ ನೈತಿಕ ಪ್ರಶ್ನೆಗಳು, ವೈದ್ಯಕೀಯದ ಇತಿಹಾಸ, ವೈದ್ಯ-ರೋಗಿ ಸಂವಾದ, ಇವುಗಳಲ್ಲಿ ನಿಮ್ಮ ಓದು ನೇರವಾಗಿ ದುಡಿಯುತ್ತದೆ. ಪ್ರಾಧ್ಯಾಪಕರಿಗೆ ಬರೆಯುವ ಇಮೇಲ್ ಚಿಕ್ಕದಿರಲಿ: ಅವರ ಯಾವ ಲೇಖನ ಓದಿದಿರಿ, ನಿಮಗೇನು ಬರುತ್ತದೆ, ವಾರಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ. ವಾರ ಕಳೆದರೂ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ.

ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ: ಅಧ್ಯಯನಕ್ಕೆ, ಅದರಲ್ಲಿ ಭಾಗಿಯಾಗುವವರ ಹಿತ ಕಾಯುವ ನೈತಿಕತಾ ಸಮಿತಿಯ ಅನುಮತಿ ಸಿಕ್ಕಿದೆಯೇ? ಮನುಷ್ಯರ ಮೇಲಿನ ಹೊಸ ಅಧ್ಯಯನಕ್ಕೆ ಅನುಮತಿ ಬರಲು ತಿಂಗಳುಗಳೇ ಹಿಡಿಯಬಹುದು, ಅಷ್ಟರಲ್ಲಿ ನಿಮ್ಮ ವರ್ಷ ಕರಗಿರುತ್ತದೆ. ಈಗಾಗಲೇ ನಡೆಯುತ್ತಿರುವ ಅಧ್ಯಯನಕ್ಕೆ ಹೆಸರು ಸೇರಿಸಿಕೊಳ್ಳುವುದು ವಾಸಿ. ಸಂದರ್ಶನಗಳ ಕೆಲಸವಾದರೆ, ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕು ಗಂಟೆಯಾದರೂ ಬೇಕೆಂದು ಮೊದಲೇ ಲೆಕ್ಕ ಹಾಕಿ. ರೋಗಿಯ ಹೆಸರಿರುವ ಕಡತ ಸ್ವಂತ ಲ್ಯಾಪ್‌ಟಾಪಿಗೆ ಬರಕೂಡದು. ಪ್ರತಿ ವಾರ ದಿನಾಂಕ, ಗಂಟೆ, ಮಾಡಿದ ಕೆಲಸ ಬರೆದಿಡಿ. ಅರ್ಜಿ ಒಟ್ಟು ಗಂಟೆಗಳನ್ನೂ ಸಂಪರ್ಕದ ವ್ಯಕ್ತಿಯನ್ನೂ ಕೇಳುತ್ತದೆ.

ಪತ್ರಿಕೆಗೆ ಕಳಿಸಿದ್ದಷ್ಟೇ ಆಗಿರುವ ಲೇಖನವನ್ನು ಪ್ರಕಟಿತ ಎಂದು ಬರೆಯುವುದು ಅರ್ಜಿಯನ್ನೇ ಮುಳುಗಿಸಬಲ್ಲ ತಪ್ಪು. ಸಂದರ್ಶನದಲ್ಲಿ ಜನ ಸೋಲುವುದು ಇನ್ನೊಂದು ಕಡೆ: ಅಂಕಿಅಂಶ ತುಂಬುವ ಕೆಲಸವಷ್ಟೇ ಮಾಡಿದವರಿಗೆ ಅಧ್ಯಯನದ ಮೂಲ ಪ್ರಶ್ನೆಯೇ ಗೊತ್ತಿರುವುದಿಲ್ಲ. ವಿಷಯ ಓದದ ಗೆಳೆಯರೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಿ ಅಭ್ಯಾಸ ಮಾಡಿ. ಅಧ್ಯಯನದ ಮಿತಿ ಏನೆಂಬುದೂ ಅದರೊಳಗೆ ಬರಲಿ. ಮಾರ್ಗದರ್ಶಕರಿಂದ ಶಿಫಾರಸು ಪತ್ರ ಬೇಕಿದ್ದರೆ ಎರಡು ತಿಂಗಳು ಮುಂಚೆ ಕೇಳಿ, ಕೇಳುವಾಗ ವಾರವಾರದ ಆ ಟಿಪ್ಪಣಿಯನ್ನೂ ಜೊತೆಗಿಡಿ.