ತಪಸ್ಸು ಕಾಲದ ಡಬ್ಬಿ: ಶಾಲೆಯಲ್ಲಿ ಸೇವಾ ನಿಧಿ ಕೂಡಿಸುವುದು ಹೇಗೆ?

ಬೂದಿ ಬುಧವಾರದಿಂದ ಈಸ್ಟರ್ ತನಕ, ಭಾನುವಾರಗಳನ್ನು ಬಿಟ್ಟು 40 ದಿನ. ಕ್ರೈಸ್ತರಿಗೆ ಇದು ತಪಸ್ಸು ಕಾಲ. ಪ್ರಾರ್ಥನೆ, ಉಪವಾಸ, ದಾನ ಮೂರೂ ಜೊತೆಜೊತೆಗೆ ನಡೆಯಬೇಕಾದ ದಿನಗಳು. ಕಥೋಲಿಕ ಶಾಲೆಗಳಲ್ಲಿ ಈ ಸಮಯಕ್ಕೆ ಕ್ಲಾಸಿಗೊಂದು ಡಬ್ಬಿ ಬಂದು ಕೂರುತ್ತದೆ. ಇಂಥ ಒಂದು ಶಾಲೆಯಲ್ಲಿ ನಾನು ಎಷ್ಟೋ ವರ್ಷದಿಂದ ಆ ಡಬ್ಬಿಯ ಉಸ್ತುವಾರಿ ನೋಡುತ್ತಿದ್ದೇನೆ. ಅದರಲ್ಲಿ ಬೀಳುವುದು ಅಪ್ಪನ ಜೇಬಿನ ದುಡ್ಡೋ, ಮಗು ತಾನೇ ಉಳಿಸಿದ್ದೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಕೇಳಿಕೊಂಡು ಬನ್ನಿ

ಹಣ ಕೂಡಿಸಿ, ಆಮೇಲೆ ಯಾರಿಗೆ ಕೊಡೋಣ ಅಂತ ಯೋಚಿಸಬೇಡಿ. ಆ ತಪ್ಪು ನಾವು ಮಾಡಿದ್ದೇವೆ. ಒಂದು ವರ್ಷ ವೃದ್ಧಾಶ್ರಮವೊಂದಕ್ಕೆ 30 ಹೊದಿಕೆ ಹೊತ್ತುಕೊಂಡು ಹೋದೆವು. ಅಲ್ಲಿನ ಸಿಸ್ಟರ್ ನಗುತ್ತಲೇ ತೆಗೆದುಕೊಂಡರು. ಇಡಲೆಂದು ಕಪಾಟು ತೆರೆದರೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಹೊದಿಕೆಗಳ ರಾಶಿ ಆಗಲೇ ಒಳಗಿತ್ತು. ಅಷ್ಟರಲ್ಲಿ ಅಜ್ಜಿಯೊಬ್ಬರು ನಮ್ಮ ಆರನೇ ಕ್ಲಾಸಿನ ಹುಡುಗಿಯ ಕೈ ಹಿಡಿದುಕೊಂಡು, "ಮಗಾ, ನಿನ್ನ ಹತ್ರ ನೇಲ್ ಕಟರ್ ಇದೆಯಾ?" ಎಂದು ಕೇಳಿದರು. ಅವರ ಉಗುರು ಬೆಳೆದು ಬಾಗಿತ್ತು. ನಮ್ಮಲ್ಲಿ ಯಾರ ಹತ್ತಿರವೂ ನೇಲ್ ಕಟರ್ ಇರಲಿಲ್ಲ.

ಬಡವರಿಗೆ ನೆರವಾಗುವ ಸೇಂಟ್ ವಿನ್ಸೆಂಟ್ ದಿ ಪೌಲ್ ಸೊಸೈಟಿ ಇಂದು ಎಷ್ಟೋ ಚರ್ಚುಗಳಲ್ಲಿ ಇದೆ, ಅಲ್ವಾ? ಅದನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಶುರು ಮಾಡಿದವರು 20 ವರ್ಷದ ಫ್ರೆಡೆರಿಕ್ ಒಝಾನಾಂ ಮತ್ತು ಗೆಳೆಯರು. ಇನ್ನೂ ಓದುತ್ತಿದ್ದ ಹುಡುಗರು. ಅವರು ಬಡವರ ಕೇರಿಯಲ್ಲೇ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಅವರ ಹತ್ತಿರ ಹೋಗಿ, ಯಾವ ಮನೆಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಅಂತ ಕೇಳಿ ಕಲಿತರು. ನೀವೂ ಹಾಗೇ ಮಾಡಿ. ಜನವರಿಯಲ್ಲೇ ಇಬ್ಬರು ಟೀಚರ್, ನಾಲ್ಕು ಮಕ್ಕಳು ಹೋಗಿ, ಬೇಕಾದ್ದನ್ನು ಕೇಳಿ, ಪಟ್ಟಿ ಬರೆದುಕೊಂಡು ಬನ್ನಿ.

ಪಾಲಕರಿಗೆ ಒಂದು ಚೀಟಿ

ನಮ್ಮ ಶಾಲೆಗಳಲ್ಲಿ ಬಹಳಷ್ಟು ಕಡೆ ಬೇರೆ ಧರ್ಮದ ಮಕ್ಕಳೇ ಜಾಸ್ತಿ. ಹಾಗಾಗಿ ಹಣ ಯಾರಿಗೆ ಹೋಗುತ್ತದೆ, ಯಾವ ಸಾಮಾನಿಗೆ ಹೋಗುತ್ತದೆ ಅಂತ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಕಳಿಸಿ. ಕೊಡಲೇಬೇಕು ಅಂತೇನಿಲ್ಲ ಎಂದೂ ಬರೆಯಿರಿ. ದಾನ ಯಾರಿಗೂ ಹೊಸ ವಿಷಯವಲ್ಲ. 2026ರಲ್ಲಿ ಬೂದಿ ಬುಧವಾರವೂ ರಂಜಾನ್ ಉಪವಾಸವೂ ಒಂದೇ ವಾರ ಬಂದವು.

ಡಬ್ಬಿ ಮತ್ತು ಅಕ್ಕಿ

ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ ಸಾಕು. ಮುಚ್ಚಳದಲ್ಲಿ ನಾಣ್ಯ ಹೋಗುವಷ್ಟು ಸೀಳು ಮಾಡಿ, ಅಂಚನ್ನು ಸುತ್ತಿಗೆಯಲ್ಲಿ ತಟ್ಟಿ ಮಟ್ಟ ಮಾಡಿ. ಇಲ್ಲದಿದ್ದರೆ ಮಕ್ಕಳ ಬೆರಳು ಕುಯ್ಯುತ್ತದೆ. ಸುತ್ತಲೂ ಕಾಗದ ಅಂಟಿಸಿ, ಅದರ ಮೇಲೆ ಕ್ಲಾಸ್ ಟೀಚರ್ ಮತ್ತು ಇಬ್ಬರು ಮಕ್ಕಳು ಸಹಿ ಹಾಕಲಿ.

ನಿಯಮ ಒಂದೇ. ಮನೆಯಲ್ಲಿ ಕೇಳಿ ತಂದ ದುಡ್ಡು ಬೇಡ, ಬಿಟ್ಟುಕೊಟ್ಟದ್ದರ ದುಡ್ಡು ಬೇಕು. ಐಸ್ ಕ್ಯಾಂಡಿ ಬಿಟ್ಟರೆ ಅದರ ಐದು ರೂಪಾಯಿ. ಮಕ್ಕಳಿಗೆ ನಾನು ಜಾನ್ ಜ್ಯೂಗಾನ್ ಕಥೆ ಹೇಳುತ್ತೇನೆ. 1839ರ ಚಳಿಗಾಲದಲ್ಲಿ ಫ್ರಾನ್ಸಿನಲ್ಲಿ, ಕಣ್ಣು ಕಾಣದ ಮುದುಕಿಯೊಬ್ಬರನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟ ಮಹಾತಾಯಿ. ಆಮೇಲೆ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಬೇಡಿ ವೃದ್ಧರನ್ನು ಸಾಕಿದರು. ಅವರು ಕಟ್ಟಿದ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಸಭೆಯ ಆಶ್ರಮ ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ಇದೆ.

ಕೈಯಲ್ಲಿ ಕಾಸಿಲ್ಲದ ಮಕ್ಕಳಿರುತ್ತಾರೆ. ಅವರಿಗೆ ಹಿಡಿ ಅಕ್ಕಿ. ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಬೇರೆ ತೆಗೆದಿಡುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಪದ್ಧತಿ. ಆದರೆ ಕರಾವಳಿಯವರು ಎಚ್ಚರ: ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಗೆ ಒಂದು ಪಾತ್ರೆ, ಕುಚ್ಚಲಕ್ಕಿಗೆ ಇನ್ನೊಂದು ಪಾತ್ರೆ ಇಡಿ. ಎರಡೂ ಬೆರೆತರೆ ಒಂದು ಮುದ್ದೆಯಾಗುವಾಗ ಇನ್ನೊಂದು ಬೆಂದೇ ಇರುವುದಿಲ್ಲ. ಇನ್ನೊಬ್ಬರ ಅಡುಗೆಮನೆಗೆ ಅಂಥ ತೊಂದರೆ ಕೊಡಬಾರದು.

ಯಾವ ಕ್ಲಾಸು ಎಷ್ಟು ತಂದಿತು ಅಂತ ಬೋರ್ಡಿನ ಮೇಲೆ ಬರೆಯುವ ಚಾಳಿ ಹಲವು ಕಡೆ ಇದೆ. ದಯವಿಟ್ಟು ಬಿಡಿ. ಬೈಬಲಿನಲ್ಲಿ, ಮಾರ್ಕನ ಶುಭಸಂದೇಶದ ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಹಾಕಿದ್ದು ಎರಡೇ ಕಾಸು. ಯೇಸು ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅಂದದ್ದು ಅವಳನ್ನೇ. ಇಡೀ ಶಾಲೆಯ ಒಟ್ಟು ಮೊತ್ತ ಮಾತ್ರ ಹೇಳಿ.

ಎಣಿಕೆ

ವಾರ್ಷಿಕ ಪರೀಕ್ಷೆಗೆ ಮುಂಚೆ ಡಬ್ಬಿ ಒಡೆಯಿರಿ. ಇಬ್ಬರು ಟೀಚರ್, ಇಬ್ಬರು ಮಕ್ಕಳು, ಒಬ್ಬ ಪಾಲಕರು ಕೂತು ಎಣಿಸಲಿ. ಅದೇ ದಿನ ಬ್ಯಾಂಕಿಗೆ ಕಟ್ಟಿ. ದೊಡ್ಡ ಮೊತ್ತ ಕೊಡುವ ಪಾಲಕರು ನೇರವಾಗಿ ಸಂಸ್ಥೆಗೇ ಚೆಕ್ ಅಥವಾ ಯುಪಿಐ ಮೂಲಕ ಕೊಡಲಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಕ್ಕಿರುವ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಖರ್ಚಿನ ಬಿಲ್ಲುಗಳ ನಕಲನ್ನು ನೋಟಿಸ್ ಬೋರ್ಡಿಗೆ ಹಾಕಿ.

ಕೊಡುವ ದಿನ

ಒಮ್ಮೆಗೆ ಹತ್ತೇ ಮಕ್ಕಳು ಹೋಗಲಿ. ಭಾಷಣ ಬೇಡ, ಬ್ಯಾನರ್ ಬೇಡ. ತೆಗೆದುಕೊಳ್ಳುವವರ ಫೋಟೊ ಅಂತೂ ಬೇಡವೇ ಬೇಡ. ಸುಮ್ನೆ ಕೂತು ಮಾತಾಡಿದರೆ ಸಾಕು. ಅವರ ಊರು, ಅವರ ಬಾಲ್ಯ, ಇವತ್ತು ಊಟಕ್ಕೆ ಏನಿತ್ತು ಅಂತ ಕೇಳಲಿ.

ಮರುವರ್ಷ ನಾವು ಆರು ನೇಲ್ ಕಟರ್, ಎರಡು ಬೇಸಿನ್, ಒಂದಿಷ್ಟು ಟವೆಲ್ ತೆಗೆದುಕೊಂಡು ಹೋದೆವು. ವಯಸ್ಸಾದವರ ಉಗುರು ಗಟ್ಟಿ ಇರುತ್ತದೆ. ಉಗುರು ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆದು ಮೆತ್ತಗಾದ ಮೇಲೆ, ಸ್ವಲ್ಪ ಸ್ವಲ್ಪವೇ ಕತ್ತರಿಸಬೇಕು. ಸಕ್ಕರೆ ಕಾಯಿಲೆ ಇದ್ದವರ ಕಾಲಿನ ಉಗುರನ್ನು ಮಕ್ಕಳು ಮುಟ್ಟಬಾರದು, ಅದು ನರ್ಸ್ ಕೆಲಸ. ಹಿಂದಿನ ವರ್ಷದ ಹುಡುಗಿ ಈಗ ಏಳನೇ ಕ್ಲಾಸು. ನೇರ ಅದೇ ಅಜ್ಜಿಯ ಮಂಚದ ಹತ್ತಿರ ಹೋಗಿ, ಅವರ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಕಿರುಬೆರಳಿನಿಂದ ಶುರು ಮಾಡಿದಳು.