ಮೂರರಿಂದ ಆರು ವರ್ಷದ ಮಕ್ಕಳಿಗೆ ಮನ್ಯಾಗ ಆಟ ಹಚ್ಚೋದು ಹೆಂಗ

ಜೂನ್ ಹತ್ರ ಬಂತಂದ್ರ ಕಲಬುರಗಿದಾಗ ಎಲ್ಲಾರ ಮನ್ಯಾಗ ಒಂದೇ ಮಾತು ನಡೀತದ, ಹುಡುಗನ್ನ ಯಾವ ಸಾಲಿಗೆ ಹಾಕಿದ್ರಿ, ಎಲ್‌ಕೆಜಿದಾಗ ಎಷ್ಟು ಬರಸ್ತಾರ, ಒಂದರಿಂದ ನೂರು ಬರ್ತದೇನು ಅಂತ. ಮೂರೂವರಿ ವರ್ಷದ ಕೂಸು ನಾಲ್ಕು ಗೆರಿ ನೋಟ್‌ಬುಕ್ ತಗೊಂಡು ಕುಂತು ಅಳಕೋತ ಎ ಬರೀತಿರ್ತದ. ನಾನು ಸಣ್ಣ ಮಕ್ಕಳಿಗೆ ಕಲಸೋ ಕೆಲಸದಾಗೇ ಇರೋಳು, ಅದಕ್ಕ ಕೈಮುಗಿದು ಹೇಳ್ತೀನಿ, ಈ ವಯಸ್ಸಿಗೆ ಆಟನೇ ಓದು. ಆದ್ರ ಆಟ ಅಂತಂದ್ರ ಹುಡುಗನ್ನ ಓಣ್ಯಾಗ ಬಿಟ್ಟು ನಾವು ನಮ್ಮ ಕೆಲಸ ನೋಡ್ಕೊಂಡ್ರ ಆಗಂಗಿಲ್ಲ, ಮಗ್ಗಲಾಗ ಕುಂತು 'ಇದು ಯಾವ ಬಣ್ಣ, ಅದು ಎಷ್ಟು' ಅಂತ ಪರೀಕ್ಷಾ ಮಾಡಿದ್ರೂ ಆಗಂಗಿಲ್ಲ. ದೊಡ್ಡೋರ ಕೆಲಸ ಇವೆರಡರ ನಡುವ ಅದ, ಸಾಮಾನು ಹೊಂದಿಸಿ ಇಡೋದು, ಜಾಗ ಟೈಮ್ ಕೊಡೋದು, ಸುಮ್ಮ ಕುಂತು ನೋಡೋದು, ಬೇಕಾದ ಹೊತ್ತಿಗೆ ಒಂದೇ ಒಂದು ಮಾತು ಸೇರಸೋದು.

ಮೊದಲು ಈ ಬರಸೋ ಅವಸರದ ಬಗ್ಗೆ. ಮಣಿಕಟ್ಟಿನಾಗ 8 ಸಣ್ಣ ಎಲುಬು ಇರ್ತಾವ, ಹುಟ್ಟಿದಾಗ ಅವು ಇನ್ನಾ ಮೆತ್ತಗ ಇರ್ತಾವ, ವಯಸ್ಸು ಏರಿದಂಗ ಒಂದೊಂದೇ ಗಟ್ಟಿ ಆಗ್ತಾವ, ಮೂರು ವರ್ಷಕ್ಕ ಸಾಮಾನ್ಯವಾಗಿ ಅರ್ಧನೂ ಆಗಿರಂಗಿಲ್ಲ. ಬೆರಳಿಗೂ ಶಕ್ತಿ ಬಂದಿರಂಗಿಲ್ಲ. ಅಂಥಾ ಕೈಗೆ ಪೆನ್ಸಿಲ್ ಕೊಟ್ಟು ಗೆರಿ ಒಳಗ ಬರಿ ಅಂದ್ರ ಕೈ ನೋಯ್ತದ, ಅದು ಓದೋದಂದ್ರ ನೋವು ಅಂತ ತಲ್ಯಾಗ ಇಟ್ಕೊಂಡುಬಿಡ್ತದ. ನಮ್ಮ ಸರ್ಕಾರದ ಕಾಗದದಾಗೂ ಇದೇ ಮಾತು ಅದ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದ ತನಕ ಒಂದು ಬುನಾದಿ ಹಂತ ಅಂತ ಮಾಡಿ, ಅಲ್ಲಿ ಆಟ, ಚಟುವಟಿಕೆ ಮ್ಯಾಲೇ ಕಲಿಕೆ ನಡೀಬೇಕು ಅಂತ ಹೇಳ್ಯಾದ, 2022ರಾಗ ಅದಕ್ಕ ಪಠ್ಯಕ್ರಮದ ಚೌಕಟ್ಟು ಬಂತು, 2023ರ ಫೆಬ್ರವರಿದಾಗ 'ಜಾದೂಯಿ ಪಿಟಾರಾ' ಅಂತ ಆಟಿಗಿ, ಕಾರ್ಡು, ಪಜಲ್, ಗೊಂಬಿ ಇರೋ ಪೆಟ್ಟಿಗಿನೂ ತಂದ್ರು. ಆ ಪೆಟ್ಟಿಗಿ ಸಿಗಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ, ನಿಮ್ಮ ಅಡಗಿಮನ್ಯಾಗ ಅದಕ್ಕಿಂತ ಹೆಚ್ಚಿನ ಸಾಮಾನು ಅದ.

ನಾನು ಎಲ್ಲಾಕಿಂತ ಮೊದಲು ಹಚ್ಚೋ ಆಟ ಕಿರಾಣಿ ಅಂಗಡಿದು. ನಾಲ್ಕೈದು ಖಾಲಿ ಡಬ್ಬಿ, ಒಳಗ ತೊಗರಿಬ್ಯಾಳಿ, ಕಡ್ಲಿ, ಶೇಂಗಾ, ಜ್ವಾಳ, ಒಂದು ಸಣ್ಣ ಗಲಾಸು, ಹಳೇ ಕ್ಯಾಲೆಂಡರ್ ಕಾಗದ ಪೊಟ್ಟಣ ಕಟ್ಟಲಿಕ್ಕ, ರೊಕ್ಕದ ಬದಲಿ ಹುಣಸಿಬೀಜ. ಬಟ್ಟಿ ಹಾಕೋ ಹ್ಯಾಂಗರಿನ ಎರಡೂ ತುದಿಗೆ ಒಂದೇ ಅಳತಿಯ ಪ್ಲಾಸ್ಟಿಕ್ ಬಟ್ಲ ಕಟ್ಟಿ ಬಾಗಲ ಚಿಲಕಕ್ಕ ತೂಗು ಹಾಕಿದ್ರ ತಕ್ಕಡಿ ಆಯ್ತು. ಅಂಗಡಿ ಯಾರದು ಅಂತ ಮಕ್ಕಳೇ ಹೇಳ್ಲಿ, ನೀವು ಗಿರಾಕಿ ಆಗ್ರಿ. ಒಂದು ನಾಲ್ಕು ವರ್ಷದ ಹುಡುಗಿ ಹಿಂಗೇ ಅಂಗಡಿ ಹಾಕ್ಕೊಂಡು ಕುಂತಿದ್ದಳು, ನಾ ಹೋಗಿ "ಶೆಟ್ರೆ, ಪಾವ್ ಕಿಲೋ ಬ್ಯಾಳಿ ಕೊಡ್ರಿ" ಅಂದೆ. ಒಂದು ಕಡಿ ಬಟ್ಲದಾಗ ಕಲ್ಲಿಟ್ಟಳು, ಇನ್ನೊಂದರಾಗ ಬ್ಯಾಳಿ ಸುರದಳು, ಬ್ಯಾಳಿ ಕಡಿ ಕೆಳಗ ಹೋಯ್ತು. "ಅಯ್ಯ, ಈ ಕಡಿ ಕೆಳಗ ಹೋಯ್ತಲ್ಲವ್ವ" ಅಂದು ಸುಮ್ಮಾದೆ. ಆಕಿ ನೋಡಿದಳು, ಕಲ್ಲಿನ ಕಡಿ ಇನ್ನೊಂದು ಕಲ್ಲು ಇಡಲಿಕ್ಕ ಹೋದಳು, ತಡದಳು, ಆಮ್ಯಾಲ ಬ್ಯಾಳಿ ಒಂದೊಂದೇ ಚಿಮಟಿ ತಗದು ತಗದು ಡಬ್ಬಿಗೆ ಹಾಕಿದಳು, ಎರಡೂ ಕಡಿ ಸಮ ಬರೋತನಕ. ರೊಕ್ಕ ಎಷ್ಟು ಅಂತ ಕೇಳಿದ್ರ "ಐದು ಕೊಡ್ರಿ, ಬ್ಯಾಳಿ ತುಟ್ಟಿ ಆಗ್ಯಾದ್ರಿ" ಅಂದು ಐದು ಹುಣಸಿಬೀಜ ಒಂದೊಂದಾಗಿ ಮುಟ್ಟಿ ಎಣಿಸಿ ತಗೊಂಡಳು.

ಇದರಾಗ ಏನೇನು ನಡೀತು ನೋಡ್ರಿ. ಒಂದು ಬೀಜಕ್ಕ ಒಂದೇ ಅಂಕಿ ಅಂತ ಹೊಂದಿಸಿ ಎಣಸೋದು ಬಂತು, ಒಂದರಿಂದ ನೂರು ಬಾಯಿಪಾಠ ಹೇಳೋ ಎಷ್ಟೋ ಮಕ್ಕಳಿಗೆ ಇದು ಬರಂಗಿಲ್ಲ, ಏಳು ಬೀಜ ಕೊಡು ಅಂದ್ರ ಹಿಡಿ ತುಂಬ ಕೊಡ್ತಾವ. ಹೆಚ್ಚು ಕಮ್ಮಿ ತಿಳೀತು, ಚಿಮಟಿ ಹಿಡಿಯೋದರಾಗ ಬೆರಳಿಗೆ ಕೆಲಸ ಸಿಕ್ತು, ಅದೇ ಬೆರಳು ನಾಳಿಗೆ ಪೆನ್ಸಿಲ್ ಹಿಡೀತಾವ. ಕಲ್ಲನ್ನ ತೂಕದ ಬಟ್ಟು ಅಂತ, ಹುಣಸಿಬೀಜನ್ನ ರೊಕ್ಕ ಅಂತ ತಿಳ್ಕೊಳ್ಳೋದು ಸಣ್ಣ ಮಾತಲ್ಲ, ಒಂದರ ಬದಲಿ ಇನ್ನೊಂದು ನಿಲ್ತದ ಅನ್ನೋದು ತಿಳಿದ ಕೂಸಿಗೇ ಮುಂದ 'ಅ' ಅನ್ನೋ ಗೆರಿ ಒಂದು ಸಪ್ಪಳದ ಗುರುತು ಅಂತ ತಿಳಿಯೋದು. ನಾನು ಸೇರ್ಸಿದ್ದು ಒಂದೇ ಮಾತು. ಅಲ್ಲೇ "ಬ್ಯಾಳಿ ಕಮ್ಮಿ ಮಾಡು" ಅಂತ ಹೇಳಿಬಿಟ್ಟಿದ್ರ ಆಕಿ ವಿಚಾರ ಮಾಡೋದು ಅಲ್ಲಿಗೇ ನಿಂತುಹೋಗ್ತಿತ್ತು. ಅದಕ್ಕ ಒಂದು ಪ್ರಶ್ನಿ ಕೇಳಿದ ಮ್ಯಾಲ ಮನಸಿನ್ಯಾಗ ಹತ್ತು ಎಣಿಸ್ರಿ, ಬಾಯಿ ತೆಗೀಬ್ಯಾಡ್ರಿ, ನಮಗೆಲ್ಲ ಇದೇ ಭಾಳ ಕಷ್ಟದ ಕೆಲಸ.

ಕಾಳಿನ ಆಟದಾಗ ಒಂದು ಎಚ್ಚರಿಕಿ ಮಾತ್ರ ಮರೀಬ್ಯಾಡ್ರಿ. ಮೂರು ವರ್ಷದೊಳಗಿನ ಕೂಸಿನ ಕೈಗೆ ಕಡ್ಲಿ, ಶೇಂಗಾ, ಹುಣಸಿಬೀಜ, ಗೋಲಿ ಕೊಡಲೇಬ್ಯಾಡ್ರಿ, ಗಂಟಲದಾಗ ಸಿಕ್ಕ್ರ ಉಸಿರೇ ಕಟ್ತದ, ಮೂಗಿನ್ಯಾಗ ಹೋದ ಕಾಳು ಉಬ್ಬತದ. ದೊಡ್ಡ ಮಕ್ಕಳು ಆಡೋವಾಗೂ ಒಬ್ಬರು ಕಣ್ಣಿಟ್ಟು ಕುಂತಿರಬೇಕು.

ಮನ್ಯಾಗ ಆಯಿ ಇದ್ರ ಅರ್ಧ ಕೆಲಸ ಆದಂಗೇ. ಆಯಿ ಮರದಾಗ ತೊಗರಿ ಹಸನು ಮಾಡ್ಲಿಕ್ಕ ಕುಂತಾಗ ಮೊಮ್ಮಗನ್ನ "ಹೋಗು ಅತ್ತಾಗ, ಚೆಲ್ತಿ" ಅಂತ ಓಡಸ್ತೀವಿ, ಹಂಗ ಮಾಡಬ್ಯಾಡ್ರಿ, ಅವಗೂ ಒಂದು ತಾಟಿನ್ಯಾಗ ಒಂದು ಹಿಡಿ ಹಾಕಿ ಕೊಡ್ರಿ, ಕಲ್ಲು ಒಂದು ಕಡಿ ಕಾಳು ಒಂದು ಕಡಿ. ರೊಟ್ಟಿ ಬಡಿಯೋವಾಗ ಒಂದು ಸಣ್ಣ ಹಿಟ್ಟಿನ ಉಂಡಿ ಕೊಟ್ರ ಬಡೀಲಿ, ದುಂಡಗ ಬರಲಿಲ್ಲಂದ್ರೂ ಬೇಯಿಸಿ ಅವನ ತಾಟಿಗೇ ಹಾಕ್ರಿ, ಆ ಖುಷಿ ನೋಡ್ಲಿಕ್ಕೇ ಚಂದ. ಹಿಂಗ ಕೆಲಸ ಮಾಡ್ಕೋತ ಆಯಿ ಕಥಿ ಹೇಳ್ತಾಳ, ಒಡಪು ಹಾಕ್ತಾಳ, ಅದರಾಗ ಕೂಸಿಗೆ ಸಿಗೋ ಶಬ್ದ ಯಾವ ಮೊಬೈಲಿನ್ಯಾಗೂ ಸಿಗಂಗಿಲ್ಲ, ಯಾಕಂದ್ರ ಮೊಬೈಲು ಕೂಸಿನ ಮಾತಿಗೆ ತಿರುಗಿ ಮಾತಾಡಂಗಿಲ್ಲ.

ಭಾಷಾದ ಬಗ್ಗೆನೂ ಇಲ್ಲೇ ಹೇಳಿಬಿಡ್ತೀನಿ. ನಮ್ಮ ಭಾಗದಾಗ ಒಂದೇ ಓಣ್ಯಾಗ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲಾ ನಡೀತದ. ಯಾದಗಿರಿ ಕಡಿ ತಾಂಡಾದ ಮಕ್ಕಳು ಅಂಗನವಾಡಿಗೆ ಬಂದಾಗ ಕನ್ನಡನೇ ಹೊಸಾದು ಇರ್ತದ, ಸುಮ್ಮ ಕುಂತುಬಿಡ್ತಾವ, ನಾವು ಶಾಣ್ಯಾ ಇಲ್ಲ ಅಂತ ತಿಳ್ಕೋತೀವಿ. ಆಟದಾಗ ಅವು ಯಾವ ಭಾಷಾದಾಗ ಮಾತಾಡ್ತಾವ ಅದರಾಗೇ ಆಡ್ಲಿ, ಮನಿ ಮಾತು ಗಟ್ಟಿ ಇದ್ದ ಕೂಸು ಎರಡನೇ ಭಾಷಾನೂ ಲಗೂನ ಹಿಡೀತದ. ಮನ್ಯಾಗ ಇಂಗ್ಲಿಷೇ ಮಾತಾಡ್ಬೇಕು ಅಂತ ಅರ್ಧಂಬರ್ಧ ಮಾತಾಡೋದಕ್ಕಿಂತ ನಮ್ಮ ಮಾತಿನ್ಯಾಗ ತುಂಬ ಮಾತಾಡೋದು ಭಾಳ ಚಲೋ.

ಇನ್ನ ಮೈ ಆಡಸೋ ಆಟ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳ್ಯಾದ, 3–4 ವರ್ಷದ ಮಕ್ಕಳು ದಿನಕ್ಕ ಕಮ್ಮಿ ಅಂದ್ರ 180 ನಿಮಿಷ ಮೈ ಆಡಸ್ಬೇಕು, ಅದರಾಗ 60 ನಿಮಿಷ ಏದುಸಿರು ಬರೋವಂಗ ಓಡಿ ಜಿಗಿದು ಆಡ್ಬೇಕು, ಸ್ಕ್ರೀನ್ 1 ತಾಸಿನ ಮ್ಯಾಲ ಬ್ಯಾಡ, ಕಮ್ಮಿ ಇದ್ದಷ್ಟು ಚಲೋ ಅಂತ. ನಮ್ಮ ಕಲಬುರಗಿ ಬಿಸಿಲಾಗ ಮೂರು ತಾಸು ಹೊರಗ ಬಿಡ್ಲಿಕ್ಕ ಆಗ್ತದೇನ್ರಿ ಅಂತ ಕೇಳ್ತೀರಿ, ಏಪ್ರಿಲ್ ಮೇದಾಗ ಆಗಂಗಿಲ್ಲ ಖರೆ. ಮುಂಜಾನಿ ಎಂಟೂವರಿ ಒಳಗ, ಸಂಜಿಕ ಐದೂವರಿ ಮ್ಯಾಲ ಹೊರಗ ಬಿಡ್ರಿ, ನಡುವ ಮನ್ಯಾಗ ಫರಸಿ ಮ್ಯಾಲ ಚಾಕ್‌ಪೀಸಿನಿಂದ ಕುಂಟಬಿಲ್ಲಿ ಮನಿ ಹಾಕ್ಕೊಡ್ರಿ, ನಮ್ಮ ಶಹಾಬಾದ್ ಫರಸಿಯ ಚೌಕಗಳೇ ಅರ್ಧ ಮನಿ ಹಾಕಿ ಕೊಟ್ಟಿರ್ತಾವ. ಒಂಟಿಕಾಲಲಿ ಜಿಗಿಯೋದು, ಗೆರಿ ತುಳೀದಂಗ ನಿಲ್ಲೋದು, ತನ್ನ ಪಾಳಿ ಬರೋತನಕ ಕಾಯೋದು, ಈ ಕಾಯೋ ಗುಣನೇ ಮುಂದ ಕ್ಲಾಸಿನ್ಯಾಗ ಕುಂತು ಕೇಳ್ಲಿಕ್ಕ ಬೇಕಾಗೋದು. 'ಸ್ಟ್ಯಾಚು' ಆಟನೂ ಇದಕ್ಕ ಭಾಳ ಚಲೋ, ಓಡೋ ಮೈಯನ್ನ ತಾನೇ ತಡೆದು ನಿಲ್ಲಸೋದು ನಾಲ್ಕು ವರ್ಷಕ್ಕ ದೊಡ್ಡ ಸಾಧನೆ.

ಮಣ್ಣಿನ್ಯಾಗ ಆಡಬ್ಯಾಡ ಅನ್ನೋರಿಗೆ ಒಂದೇ ಮಾತು. ಮಣ್ಣೆತ್ತಿನ ಅಮಾಸಿಗೆ ಮನ್ಯಾಗ ಎತ್ತು ಮಾಡ್ತೀವಲ್ಲ, ಆವತ್ತು ಅಂಗಡಿದಿಂದ ತಯಾರ್ ಎತ್ತು ತರಬ್ಯಾಡ್ರಿ. ಎರಿ ಮಣ್ಣು ನೆನೆ ಹಾಕಿ ಮಕ್ಕಳ ಕೈಗೆ ಕೊಡ್ರಿ. ಕೋಡು ಒಂದು ಸಣ್ಣದು ಒಂದು ದೊಡ್ಡದು ಆಗ್ತದ, ಕಾಲು ನಿಲ್ಲಂಗಿಲ್ಲ, ಎತ್ತು ಮಗ್ಗಲಿಗೆ ಬೀಳ್ತದ. ನೀವು ಸುಧಾರಿಸಿ ಕೊಡ್ಲಿಕ್ಕ ಹೋಗಬ್ಯಾಡ್ರಿ, "ಯಾಕ ಬಿತ್ತು?" ಅಂತಷ್ಟೇ ಕೇಳ್ರಿ, ಎರಡನೇ ಎತ್ತಿಗೆ ಕಾಲು ದಪ್ಪ ಮಾಡ್ತಾವ. ಮಣ್ಣು ನಾದೋದರಾಗ ಬರೋ ಕೈಶಕ್ತಿ ಹತ್ತು ಪುಟ ಕಾಪಿ ಬರದ್ರೂ ಬರಂಗಿಲ್ಲ. ಅಕ್ಷರಕ್ಕೂ ಮಣ್ಣೇ ಚಲೋ, ತಾಟಿನ್ಯಾಗ ಉಸುಕು ಹರವಿ ಬೆರಳಿಂದ ತೀಡ್ಲಿ, ತಪ್ಪಿದ್ರ ತಾಟು ಅಲುಗಾಡಿಸಿದ್ರ ಅಳಿಸ್ತದ, ಬೈಯೋ ಕಾರಣನೇ ಇಲ್ಲ.

ಅಮೇರಿಕಾದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಊರಾಗ 1962ರಾಗ ಪೆರ್ರಿ ಪ್ರೀಸ್ಕೂಲ್ ಅಂತ ಒಂದು ಅಧ್ಯಯನ ಶುರು ಆಯ್ತು, 123 ಬಡ ಮನಿ ಮಕ್ಕಳನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಮಾತ್ರ ಆಟದ ಸಾಲಿ ಕೊಟ್ಟು, ಅವರು 40 ವರ್ಷದೋರು ಆಗೋತನಕ ನೋಡಿದ್ರು. ಸಾಲಿಗೆ ಹೋದ ಗುಂಪಿನೋರು ಹೆಚ್ಚು ಮಂದಿ ಹೈಸ್ಕೂಲ್ ಮುಗಿಸಿದ್ರು, ಗಳಿಕಿನೂ ಹೆಚ್ಚಿತ್ತು. ಅಲ್ಲಿನ ಒಂದು ರೂಢಿ ನಾವು ಮನ್ಯಾಗೂ ಮಾಡಬಹುದು, ಆಟಕ್ಕ ಮೊದಲು "ಇವತ್ತು ಏನು ಆಡ್ತಿ?" ಅಂತ ಕೇಳೋದು, ಆಮ್ಯಾಲ ಆಡ್ಲಿಕ್ಕ ಬಿಡೋದು, ಮುಗಿದ ಮ್ಯಾಲ "ಏನೇನು ಮಾಡ್ದಿ?" ಅಂತ ಹೇಳಸೋದು. ಸಂಜಿಕ ಕೆಲಸದಿಂದ ಬಂದ ಅಪ್ಪ ಈ ಕಡೀ ಪ್ರಶ್ನಿ ಕೇಳ್ಲಿ, ಫೋನ್ ಬಾಜೂಕ್ಕ ಇಟ್ಟು ಕೇಳ್ಲಿ, ಅವನಿಗೆ ಅಷ್ಟಂತೂ ಟೈಮ್ ಇರ್ತದ. ಅಪ್ಪ ಅವ್ವ ದುಡಿಲಿಕ್ಕ ಪುಣಾ, ಬೆಂಗಳೂರಿಗೆ ಹೋಗಿದ್ರ ವಿಡಿಯೋ ಕಾಲಿನ್ಯಾಗ "ಉಂಡಿ ಏನು, ಸಾಲಿಗೆ ಹೋದಿ ಏನು" ಬಿಟ್ಟು ಇದನ್ನ ಕೇಳ್ರಿ, ಮಕ್ಕಳು ಎಷ್ಟು ಮಾತಾಡ್ತಾವ ನೋಡ್ರಿ.

ಎಲ್ಲಾ ಮಕ್ಕಳೂ ಒಂದೇ ಹದದಾಗ ಬೆಳೆಯಂಗಿಲ್ಲ, ಮಗ್ಗಲ ಮನಿ ಹುಡುಗನ್ನ ತೋರಿಸಿ ಹೋಲಿಸಬ್ಯಾಡ್ರಿ. ಆದ್ರ ಮೂರು ವರ್ಷ ದಾಟಿದ್ರೂ ಎರಡು ಮೂರು ಶಬ್ದ ಕೂಡ್ಸಿ ಮಾತಾಡಂಗಿಲ್ಲ, ಹೆಸರು ಕೂಗಿದ್ರ ತಿರುಗಿ ನೋಡಂಗಿಲ್ಲ, ಸುಳ್ಳಸುಳ್ಳೇ ಅಡಗಿ ಮಾಡೋದು, ಗೊಂಬಿಗೆ ಉಣಸೋದು ಅಂಥಾ ಆಟ ಒಂದೂ ಆಡಂಗಿಲ್ಲ ಅಂದ್ರ "ದೊಡ್ಡಾವ ಆದ್ರ ಸರಿ ಹೋಗ್ತಾನ" ಅಂತ ಕಾಯಬ್ಯಾಡ್ರಿ, ಮಕ್ಕಳ ಡಾಕ್ಟರಿಗೆ ತೋರಸ್ರಿ, ಕಿವಿ ಪರೀಕ್ಷಾನೂ ಮಾಡಸ್ರಿ.

ಸಾಲಿ ಆರಿಸೋವಾಗ ಬಿಲ್ಡಿಂಗ್ ನೋಡಬ್ಯಾಡ್ರಿ, ಮಕ್ಕಳು ಇರೋ ಹೊತ್ತಿಗೆ ಹೋಗಿ ಅರ್ಧ ತಾಸು ನಿಲ್ರಿ. ಸಪ್ಪಳ ಅದ ಏನು, ಆಟಿಗಿ ಮಕ್ಕಳ ಕೈಗೆ ಸಿಗೋವಂಗ ಕೆಳಗ ಅವ ಏನು ಇಲ್ಲಾ ಅಲಮಾರದಾಗ ಕೀಲಿ ಹಾಕಿ ಇಟ್ಟಾರ ಏನು, ಟೀಚರ್ ನೆಲಕ್ಕ ಕುಂತು ಮಾತಾಡ್ತಾರ ಏನು, ಮಕ್ಕಳು ಪ್ರಶ್ನಿ ಕೇಳ್ತಾವ ಏನು ನೋಡ್ರಿ. ಅಂಗನವಾಡಿ ಅಂತ ಮೂಗು ಮುರೀಬ್ಯಾಡ್ರಿ, 1975ರಾಗ ಶುರುವಾದ ಯೋಜನಾ ಅದು, ನಮ್ಮ ರಾಜ್ಯದಾಗ ಅಲ್ಲಿಗೆ 'ಚಿಲಿಪಿಲಿ' ಅಂತ ಆಟ ಹಾಡಿನ ಪಾಠನೇ ಅದ, ಒಳ್ಳೆ ಕಾರ್ಯಕರ್ತೆ ಇದ್ದಲ್ಲಿ ದೊಡ್ಡ ಫೀಸಿನ ಕಾನ್ವೆಂಟಿಗಿಂತ ಚಲೋ ನಡೀತದ. ಮೂರು ವರ್ಷಕ್ಕ ಹೋಮ್‌ವರ್ಕ್ ಕೊಡೋ ಸಾಲಿ ಇದ್ರ ಟೀಚರ್ ಜೋಡಿ ಮರ್ಯಾದಿಲಿಂದ ಮಾತಾಡ್ರಿ, "ಮ್ಯಾಡಂ, ಮನ್ಯಾಗ ಬರಸೋದರ ಬದಲಿ ಒಂದು ಹಾಡೋ, ಎಣಸೋ ಆಟನೋ ಕೊಡ್ರಿ, ನಾವು ಮಾಡಸ್ತೀವಿ" ಅಂತ. ನಾಲ್ಕು ಮಂದಿ ತಾಯಂದಿರು ಕೂಡಿ ಕೇಳಿದ್ರ ಇನ್ನಾ ಚಲೋ, ಭಾಳ ಮಂದಿ ಟೀಚರ್‌ಗಳೂ ಬರಸೋದು ಪಾಲಕರು ಕೇಳ್ತಾರ ಅಂತಲೇ.