ಬಾಗಿಲು ಪಕ್ಕದಲ್ಲೇ ಇತ್ತು

ಕೆನಡಾದ ಹ್ಯಾಮಿಲ್ಟನ್‌ಗೆ ಬಂದ ಮೊದಲ ಬೇಸಿಗೆಯಲ್ಲಿ ನಾಲ್ಕು ಎಂಜಿನ್‌ಗಳ ಹಳೆಯ ವಿಮಾನವೊಂದು ನಮ್ಮ ಮನೆಯ ಮೇಲೆ ಹಾದುಹೋಯಿತು. ಅಡುಗೆಮನೆಯ ಪಾತ್ರೆಗಳೆಲ್ಲ ಅದುರಿದವು. ಹಾರಬಲ್ಲ ಸ್ಥಿತಿಯಲ್ಲಿ ಜಗತ್ತಿನಲ್ಲೇ ಎರಡು ಉಳಿದಿರುವ, ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಅದೂ ಒಂದು. ಅದರ ಮೈಮೇಲಿನ ‘ವಿಆರ್-ಎ’ ಅಕ್ಷರಗಳು ಆಂಡ್ರ್ಯೂ ಮಿನಾರ್ಸ್ಕಿ ಎಂಬ ಏರ್ ಗನ್ನರ್‌ನ (ವಿಮಾನದಲ್ಲಿ ಬಂದೂಕು ಹಿಡಿಯುವವನ) ನೆನಪಿಗಾಗಿ ಎಂದು ಆಮೇಲೆ ತಿಳಿಯಿತು. ವಿನ್ನಿಪೆಗ್‌ನಲ್ಲಿ ಪೋಲಿಷ್ ವಲಸಿಗರ ಮನೆಯಲ್ಲಿ ಹುಟ್ಟಿದವನು. ಸತ್ತಾಗ ವಯಸ್ಸು 27.

ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾಗಿ ಆತನ ಕಥೆಯನ್ನು ಕನ್ನಡದಲ್ಲಿ ಬರೆಯಲು ಕೂತೆ. ಮೊದಲು ಹಿಡಿದದ್ದು 1946ರ ಅಕ್ಟೋಬರ್ 11ರ ಲಂಡನ್ ಗೆಜೆಟ್, ಅಂದರೆ ಆತನಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ (ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ) ಘೋಷಿಸಿದ ಬ್ರಿಟಿಷ್ ಸರ್ಕಾರಿ ಪತ್ರಿಕೆ. ಪದಕದ ಕಥೆ ಬರೆಯುವವರು ಅಲ್ಲಿಂದಲೇ ಶುರುಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಘಟನೆ ನಡೆದದ್ದು 12ಕ್ಕೋ 13ಕ್ಕೋ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಆತನಿದ್ದ ವಿಮಾನ ಇಂಗ್ಲೆಂಡಿನಿಂದ ಹೊರಟದ್ದು 1944ರ ಜೂನ್ 12ರ ರಾತ್ರಿ, ಫ್ರಾನ್ಸಿನಲ್ಲಿ ಬಿದ್ದದ್ದು ನಡುರಾತ್ರಿ ಕಳೆದ ಮೇಲೆ. ಬಾಂಬರ್‌ಗಳ ವಿಷಯದಲ್ಲಿ ರಾತ್ರಿಗೆ ಎರಡು ತಾರೀಖು ಎಂದು ಅಂದೇ ಕಲಿತೆ.

ಗುರಿ ಫ್ರಾನ್ಸಿನ ಕಾಂಬ್ರೆ. ಜರ್ಮನ್ ಯುದ್ಧವಿಮಾನದ ಗುಂಡುಗಳಿಗೆ ಎಡಗಡೆಯ ಎರಡೂ ಎಂಜಿನ್ ಕೆಟ್ಟವು, ಬೆಂಕಿ ಹತ್ತಿತು, ಹಾರಿಕೊಳ್ಳಿ ಎಂದು ಪೈಲಟ್ ಆದೇಶ ಕೊಟ್ಟ. ಇಷ್ಟನ್ನು ಬರೆದು ನಿಂತುಬಿಟ್ಟೆ. ಬಾಲದ ಟರೆಟ್‌ನಲ್ಲಿ, ಅಂದರೆ ತಿರುಗುವ ಬಂದೂಕಿನ ಗೂಡಿನಲ್ಲಿ, ಇದ್ದ ಇನ್ನೊಬ್ಬ ಗನ್ನರ್ ಪ್ಯಾಟ್ ಬ್ರೋಫಿ ಯಾಕೆ ಹೊರಬರಲಿಲ್ಲ? ಉತ್ತರ ಗೆಜೆಟ್‌ನಲ್ಲೇ ಇತ್ತು, ನಾನೇ ಅವಸರದಲ್ಲಿ ಓದಿದ್ದೆ. ಹೊರಬರಲು ಟರೆಟ್ ತಿರುಗಬೇಕಿತ್ತು, ಆದರೆ ಎಂಜಿನ್ ಕೆಟ್ಟೊಡನೆ ಅದನ್ನು ತಿರುಗಿಸುವ ಹೈಡ್ರಾಲಿಕ್ ಸತ್ತಿತು. ಕೈಯಿಂದ ತಿರುಗಿಸುವ ಹಿಡಿಯೂ ಹೊರಬರುವ ಗಡಿಬಿಡಿಯಲ್ಲಿ ಮುರಿಯಿತು.

ಮ್ಯೂಸಿಯಂಗೆ ಹೋಗಿ ನಮ್ಮ ಮನೆಯ ಮೇಲೆ ಹಾರಿದ್ದ ಆ ವಿಮಾನದ ಪಕ್ಕ ನಿಂತಾಗಲೇ ಉಳಿದದ್ದು ಅರ್ಥವಾದದ್ದು. ಮಿನಾರ್ಸ್ಕಿಯ ಟರೆಟ್ ಬೆನ್ನ ಮೇಲೆ, ಬ್ರೋಫಿಯದು ತುದಿಯಲ್ಲಿ, ಎರಡರ ನಡುವೆ ಬಲಬದಿಗೆ ಬಾಗಿಲು. ಅಂದರೆ ಕೆಳಗಿಳಿದವನಿಗೆ ಹೊರದಾರಿ ಕೆಲವೇ ಹೆಜ್ಜೆ. ಆತ ಅದನ್ನು ದಾಟಿ ಬೆಂಕಿಯೊಳಗೆ ಬಾಲದ ಕಡೆಗೆ ಹೋದ. ಬಟ್ಟೆಗೂ ಪ್ಯಾರಾಚೂಟ್‌ಗೂ ಬೆಂಕಿ ತಗುಲಿತು, ಟರೆಟ್ ಜಪ್ಪಯ್ಯ ಎನ್ನಲಿಲ್ಲ. ಇನ್ನು ನೀನು ಹೋಗು ಎಂದು ಬ್ರೋಫಿ ಕೈಸನ್ನೆ ಮಾಡಿದ. ಮಿನಾರ್ಸ್ಕಿ ಉರಿಯುವ ಬಟ್ಟೆಯಲ್ಲೇ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು ಹಾರಿದ. ನಾನು ಮೊದಲು ‘ನಮಸ್ಕರಿಸಿದ’ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಟರೆಟ್‌ಗೆ ‘ಗೋಪುರ’ ಎಂದಿದ್ದೆ, ಅದೂ ನಿಲ್ಲಲಿಲ್ಲ. ಓದುವವರ ಕಣ್ಣಿಗೆ ದೇವಸ್ಥಾನವೇ ಬರುತ್ತಿತ್ತು.

ನೆಲದಲ್ಲಿ ಫ್ರೆಂಚ್ ಜನ ಆತನನ್ನು ಕಂಡರು, ಸುಟ್ಟಗಾಯ ಉಳಿಯಗೊಡಲಿಲ್ಲ. ವಿಮಾನ ನೆಲಕ್ಕಪ್ಪಳಿಸಿದಾಗ ಬ್ರೋಫಿ ಹೊರಕ್ಕೆ ಚಿಮ್ಮಿ ಬಿದ್ದು ಬದುಕಿಕೊಂಡ.

ನನ್ನನ್ನು ಹೆಚ್ಚು ಕಾಡಿದ್ದು ಇದೇ. ಒಳಗೆ ನಡೆದದ್ದನ್ನು ಕಂಡವನು ಬ್ರೋಫಿ ಒಬ್ಬನೇ. 1945ರಲ್ಲಿ ಸಂಗಡಿಗರನ್ನು ಮತ್ತೆ ಸೇರಿ ಆತ ಹೇಳಿದ ಮೇಲೆಯೇ ಪೈಲಟ್ ಆರ್ಟ್ ಡಿ ಬ್ರೇನ್‌ಗೆ ಆ ಕೊನೆಯ ಕ್ಷಣಗಳು ತಿಳಿದದ್ದು. ಆಗಿನ ನಿಯಮದಲ್ಲಿ ಫ್ಲೈಯಿಂಗ್ ಕ್ರಾಸ್, ಫ್ಲೈಯಿಂಗ್ ಮೆಡಲ್ ಎಂಬ ವಾಯುಪಡೆಯ ಪದಕಗಳು ಸತ್ತವರಿಗೆ ಸಿಗುತ್ತಿರಲಿಲ್ಲ. ಶತ್ರುವಿನೆದುರಿನ ಶೌರ್ಯಕ್ಕೆ ಮರಣೋತ್ತರವಾಗಿ ಇದ್ದದ್ದು ಎರಡೇ: ಸೇನಾ ವರದಿಯಲ್ಲಿ ಹೆಸರು, ಇಲ್ಲವೇ ವಿಕ್ಟೋರಿಯಾ ಕ್ರಾಸ್. ಬ್ರೋಫಿಯೂ ಸತ್ತಿದ್ದರೆ ಫ್ರಾನ್ಸಿನ ಮೆಹಾರಿಕೂರ್ ಊರಿನ ಸ್ಮಶಾನದಲ್ಲಿ ಮಿನಾರ್ಸ್ಕಿಯದು ಇನ್ನೊಂದು ಸಮಾಧಿಕಲ್ಲು ಅಷ್ಟೇ ಆಗುತ್ತಿತ್ತು.

ಹಾಗಾಗಿ ಕಥೆಯನ್ನು ಮತ್ತೆ ಮೊದಲಿನಿಂದ ಬರೆದೆ, ಈ ಬಾರಿ ಬ್ರೋಫಿ ಕಂಡ ಹಾಗೆ. ಕೊನೆಗೆ ಆ ವಿಮಾನದಲ್ಲಿದ್ದ ಏಳೂ ಜನರ ಹೆಸರು ಹಾಕಿದೆ. ಆರು ಜನ ಬದುಕಿದರು.